ಟೈಲರ್ ಆಂಟಿಯಿಂದ ಕದ್ದ ಅನ್ಯಭಾಷೆ

ಮಾರ್ಚ್ 14, ಗುರುವಾರ

ಮತ್ತೆ ಅದೇ ಟೆನ್ಶನ್. ಭಾನುವಾರ ತಾತ ಪಾಸ್ಟರ್ ಕೆಲಸದಿಂದ ರಿಟೈರ್ ಆಗುತ್ತಾರೆ. ಟೈರ್ ಅಂಗಡಿ ಮೇಲಿನ ಬಾಡಿಗೆ ರೂಮಿನಲ್ಲಿ ಏಳು ಜನರಿಂದ ಶುರುವಾದ ಸಭೆ, ನಲವತ್ತೊಂದು ವರ್ಷ! ಅವತ್ತು ನಾನು ಎದ್ದು, ದೇವರು ನನ್ನನ್ನು ಮುಟ್ಟಿದ ಸಾಕ್ಷಿ ಹೇಳಬೇಕಂತೆ. ಹನ್ನೊಂದನೇ ವಯಸ್ಸಿನಲ್ಲಿ ತಾತ ತಲೆಯ ಮೇಲೆ ಕೈಯಿಟ್ಟಾಗ ಪವಿತ್ರಾತ್ಮ ಇಳಿದು, ನಾನು ಕಲಿಯದ ಭಾಷೆಯಲ್ಲಿ ಅಳುತ್ತಾ ಮಾತಾಡಿದ ಕಥೆ. ಸಭೆಯಲ್ಲಿ ಅದಕ್ಕೆ ಅನ್ಯಭಾಷೆ ಅನ್ನುತ್ತಾರೆ. ತಾತ ಅದನ್ನು ಹೋದಲ್ಲೆಲ್ಲ ಹೇಳಿದ್ದಾರೆ.

ಅದು ಸುಳ್ಳು. ಅವತ್ತು ಪ್ರಾರ್ಥನೆಗೆ ಸಾಲಾಗಿ ನಿಂತಿದ್ದ ಮಕ್ಕಳಿಗೆಲ್ಲ ಅನ್ಯಭಾಷೆ ಬಂದಿತ್ತು, ನನಗೊಬ್ಬಳಿಗೆ ಇಲ್ಲ. ಪಾಸ್ಟರ್ ಮೊಮ್ಮಗಳು ಬೇರೆ. ಪಕ್ಕದ ಆಂಟಿಯ ಬಾಯಿಂದ ಬರುತ್ತಿದ್ದ ಶಬ್ದಗಳನ್ನೇ ಕಾಪಿ ಹೊಡೆದೆ.

ಇವತ್ತು ಕ್ಲಾಸ್ ಬಂಕ್ ಮಾಡಿ, ಲೈಬ್ರರಿ ಮೆಟ್ಟಿಲ ಕೆಳಗೆ ನಿಂತು ತಾತನಿಗೆ ಫೋನಿನಲ್ಲಿ ಎಲ್ಲ ಹೇಳಿಬಿಟ್ಟೆ. ತಾತ ಮೊದಲು ಕೇಳಿದ್ದು ಒಂದೇ.

"ಯಾವ ಆಂಟಿದು?"

"ಟೈಲರ್ ಆಂಟಿದು."

"ಅದಕ್ಕೇ ಹೊಲಿಗೆ ಮಷಿನ್ ಥರ ಅಷ್ಟು ಸ್ಪೀಡಾಗಿತ್ತು," ಎಂದು ನಕ್ಕರು. ಆಮೇಲೆ ದನಿ ಇಳಿಯಿತು. "ಅವತ್ತು ಅತ್ತಿದ್ಯಲ್ಲ ಪುಟ್ಟಿ, ಅದೂ ಕಾಪಿನಾ?"

"ಇಲ್ಲ ತಾತ, ಅದು ನಿಜ. ದೇವರಿಗೂ ನಾನು ಬೇಡ್ವೇನೋ ಅನ್ನಿಸ್ತು."

"ಅಯ್ಯೋ ಕಂದ. ನಾನು ಆನಂದಕ್ಕೆ ಅಳ್ತಿದ್ದಾಳೆ ಅಂದ್ಕೊಂಡಿದ್ನಲ್ಲೇ. ಭಾನುವಾರ ಇದನ್ನೇ ಹೇಳು."

"ಎಲ್ಲರ ಮುಂದೆನಾ? ನಿಮ್ಮ ಮರ್ಯಾದೆ?"

"ಇಷ್ಟು ವರ್ಷದಲ್ಲಿ ಇನ್ನೆಷ್ಟು ಮಕ್ಕಳು ಹಾಗೇ ಅತ್ಕೊಂಡು ಮನೆಗೆ ಹೋದ್ರೋ. ಒಬ್ರಾದ್ರೂ ಅಲ್ಲಿ ಕೂತಿರ್ತಾರೆ."

ಹೇಳಿದ ಮೇಲೆ ಹಗುರಾಗುತ್ತೆ ಅಂದುಕೊಂಡಿದ್ದೆ, ಆಗಲಿಲ್ಲ. ಪ್ರಾರ್ಥನೆ ಮಾಡದೆ ಫೋನ್ ಇಡುವವರಲ್ಲ ತಾತ. ಪರೀಕ್ಷೆಯ ದಿನ ನಾನು ಬಸ್ಸಿನಲ್ಲಿದ್ದಾಗಲೂ ಬಿಟ್ಟಿರಲಿಲ್ಲ. ಇವತ್ತು ಹಾಗೇ ಇಟ್ಟುಬಿಟ್ಟರು. ಆಮೇಲೆ ನಾನೇ ಆ ಮೆಟ್ಟಿಲ ಕೆಳಗೆ ಕಣ್ಣು ಮುಚ್ಚಿ, ಅವರಿಗಾಗಿ, ನನಗೆ ಬರುವ ಭಾಷೆಯಲ್ಲೇ ಪ್ರಾರ್ಥನೆ ಮಾಡಿದೆ.