ಬಾಗಿಲಿಗೆ ಅಡ್ಡ ನಿಂತ ರಷ್ಯಾ ಅಳಿಯ

ಕೋಲಾರ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಗಂಗಾಲಕ್ಷ್ಮಿಗೆ,

ನಿನ್ನ ರಹಮತುನ್ನೀಸಾಳ ಸಲಾಮು. ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕ್ಷಮಿಸು. ಬರೆಯಬೇಕಾಗುತ್ತದೆ ಎಂದು ನನಗೇನು ಕನಸು ಬಿದ್ದಿತ್ತೇ? ಲಕ್ಕೂರಿಗೆ, ತವರಿಗೆ ಹೋದವಳು ಫೋನ್ ಎತ್ತುತ್ತೀಯ ಎಂದುಕೊಂಡಿದ್ದೆ. ನೀನು ಎತ್ತಲಿಲ್ಲ. ಮೆಸೇಜು ಕಳಿಸಿದರೆ ನೀಲಿ ಗೆರೆ ಬೀಳುತ್ತದೆ, ಉತ್ತರ ಬೀಳುವುದಿಲ್ಲ. ಅದಕ್ಕೇ ಸ್ಕೂಲು ಬಿಟ್ಟ ಮೇಲೆ ಮೊದಲ ಸಲ ಕಾಗದ ಪೆನ್ನು ಹಿಡಿದು ಕೂತಿದ್ದೇನೆ. ನಿಮ್ಮ ಬೀದಿಯ ಚಂದನ ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ಕಂಪನಿ ಬಸ್ಸಿನಲ್ಲಿ ಊರಿಗೆ ಬರುತ್ತಾಳಲ್ಲ, ಅವಳ ಕೈಯಲ್ಲಿ ಕಳಿಸುತ್ತೇನೆ. ಓದಿಸಿಯೇ ಬಾ ಎಂದು ಹೇಳಿದ್ದೇನೆ.

ನಿಮ್ಮಮ್ಮನ ಮಂಡಿನೋವು ಹೇಗಿದೆ? ಮುನಿಯಲ್ಲಮ್ಮನವರ ಮಂಡಿ ಹತ್ತು ವರ್ಷದಿಂದ ನೋಯುತ್ತಿದೆ. ಆಯುಧಪೂಜೆಯ ಮಾರನೆಯ ದಿನವೇ ನಿನಗೆ ಅದರ ನೆನಪಾದದ್ದು ನನಗೆ ಅರ್ಥವಾಗದ ವಿಷಯವೇನಲ್ಲ. ಇರಲಿ.

ಮೊದಲು ಮುಖ್ಯವಾದ ಸುದ್ದಿ. ನಿನ್ನ ಗಂಡ ಚಂದ್ರಮೋಹನಣ್ಣ ಮಾಲೂರಿನಲ್ಲಿ ಬೇರೆ ಶೆಡ್ಡು ನೋಡಿದ್ದಾರೆ. ಸೋಮವಾರ ಹೋಗಿ ಮಾತು ಮುಗಿಸುತ್ತಾರಂತೆ. ನಿನಗೆ ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ, ನಮಗಂತೂ ಹೇಳಲಿಲ್ಲ. ವೆಲ್ಡಿಂಗ್ ಮಾಡುವ ಕದಿರೇಶನಿಂದ ತಿಳಿಯಿತು. ನಾವಿಬ್ಬರೂ ಮದುವೆಯಾಗಿ ಬಂದಾಗಿನಿಂದ ನಮ್ಮ ಗಂಡಂದಿರು ಒಂದೇ ವರ್ಕ್‌ಶಾಪಿನಲ್ಲಿ ಕೈ ಮಸಿ ಮಾಡಿಕೊಂಡವರು. ಬೋರ್ಡಿನಲ್ಲಿ ಗೌಸ್ ಮೊಹಿದ್ದೀನ್, ಚಂದ್ರಮೋಹನ್ ಎಂದು ಎರಡೂ ಹೆಸರು ಇವೆ. ಈಗ ಒಂದು ಹೆಸರಿನ ಮೇಲೆ ಪೇಂಟು ಬಳಿಯುತ್ತಾರಂತೆ. ಯಾರ ಕಾರಣಕ್ಕೆ? ಆ ದರಿದ್ರ ರಷ್ಯಾ ಗಾಡಿಯ ಕಾರಣಕ್ಕೆ!

ಜನರೇಟರ್ ತರುತ್ತೇವೆ ಎಂದು ಹೈದರಾಬಾದಿಗೆ ಹೋದ ಇಬ್ಬರು ದೊಡ್ಡ ಮನುಷ್ಯರು ಲೋಬೆಡ್ ಲಾರಿಯ ಮೇಲೆ ಏನು ತಂದರು ನೆನಪಿದೆಯಾ? ಯಾವುದೋ ಯುದ್ಧದ ಸಿನಿಮಾದವರು ತರಿಸಿ, ಶೂಟಿಂಗ್ ಮುಗಿದ ಮೇಲೆ ಯಾರಿಗೂ ಬೇಡವಾಗಿ ಬಿಟ್ಟಿದ್ದನ್ನು. ‘ಸೋವಿಯತ್ ಮಿಲಿಟ್ರಿಯವರು ಫಿರಂಗಿ ಎಳೆಯೋಕೆ ಇಟ್ಕೊಂಡಿದ್ದ ಟ್ರಾಕ್ಟ್ರು ಕಣೇ, ಮಂಜಲ್ಲೂ ಹೋಗುತ್ತೆ, ಕೆಸರಲ್ಲೂ ಹೋಗುತ್ತೆ’ ಎಂದು ನಮ್ಮ ಇವರು ಮಗು ಹುಟ್ಟಿದವರ ಹಾಗೆ ಕುಣಿದರು. ಟೈರಿಲ್ಲ, ಸ್ಟೇರಿಂಗಿಲ್ಲ. ಕಬ್ಬಿಣದ ಹಲಗೆ ಜೋಡಿಸಿದ ಚೈನು, ಎಡಕ್ಕೊಂದು ಬಲಕ್ಕೊಂದು ಲಿವರು. ಕೋಲಾರದಲ್ಲಿ ಮಂಜು ಎಲ್ಲಿದೆ ಎಂದು ನಾನು ಕೇಳಿದೆ. ಕೆಸರು ಇದೆಯಲ್ಲ ಎಂದರು. ಮಳೆಗಾಲದಲ್ಲಿ ಟೊಮೇಟೊ ಲಾರಿಗಳು ಹೊಲದಲ್ಲಿ ಹೂತುಹೋಗುತ್ತವೆ, ಬೆಳಿಗ್ಗೆ ಮಂಡಿಗೆ ಹೋಗದಿದ್ದರೆ ಹಣ್ಣು ಹಾಳು, ಇದು ಎಳೆದು ಹಾಕುತ್ತದೆ ಎಂಬುದು ಇಬ್ಬರ ಲೆಕ್ಕ. ಕೇಳಲು ಚೆನ್ನಾಗಿಯೇ ಇತ್ತು.

ಅದಕ್ಕೆ ರಷ್ಯಾ ಅಳಿಯ ಎಂದು ಹೆಸರಿಟ್ಟವಳು ನೀನೇ. ಡೀಸೆಲ್ ಕುಡಿಯುತ್ತದೆ, ನೆರಳಲ್ಲಿ ನಿಲ್ಲುತ್ತದೆ, ಮರ್ಯಾದೆಗೆ ಕಡಿಮೆಯಾದರೆ ಗುರ್ರೆನ್ನುತ್ತದೆ. ನಾವಿಬ್ಬರೂ ಎಷ್ಟು ನಕ್ಕಿದ್ದೆವು! ಅಳಿಯ ಮಾಡಿದ ಒಂದೇ ಒಂದು ಕೆಲಸ ಕೆರೆ ಆಚೆಯ ದೊಡ್ಡವೆಂಕಟಪ್ಪನವರ ಹೊಲದಲ್ಲಿ. ಲಾರಿ ಬಂತು, ಇಲ್ಲವೆನ್ನುವುದಿಲ್ಲ. ಆದರೆ ಮೊದಲು ಲಾರಿಯ ಬಂಪರು ಮಾತ್ರ ಬಂತು. ಆಮೇಲೆ ಲಾರಿಯ ಜೊತೆಗೆ ಡ್ರಿಪ್ ಪೈಪುಗಳೂ ಬದುವೂ ಬಂದವು. ‘ಅಯ್ಯೋ ಸಾಮಿ, ಲಾರಿ ಅಲ್ಲೇ ಇದ್ದಿದ್ರೆ ಮೇಲಿತ್ತು ಕದಾ! ನೀವು ಹೊಲಾನೇ ಎತ್ಕೊಂಡು ಹೋಗ್ತಿದೀರಲ್ಲ!’ ಎಂದು ಆ ಯಜಮಾನರು ತಲೆಯ ಟವಲ್ ತೆಗೆದು ಬೀಸುತ್ತಿದ್ದರೆ ಇವರಿಬ್ಬರೂ ಒಳಗೆ ಕೂತು ಕೈ ಬೀಸುತ್ತಾರೆ, ಶಹಬ್ಬಾಸ್ ಅನ್ನುತ್ತಿದ್ದಾರೆ ಎಂದು ತಿಳಿದು! ಆ ಇಂಜಿನ್ ಸದ್ದಿನಲ್ಲಿ ಯಾರ ಮಾತು ಯಾರಿಗೆ ಕೇಳಬೇಕು? ವಾಪಸು ಬರುವಾಗ ಹೊಸ ಸಿಮೆಂಟು ರಸ್ತೆಯ ಮೇಲೆ ತಿರುಗಿಸಿ ಅದನ್ನೂ ಹಪ್ಪಳ ಮಾಡಿದರು. ಅಷ್ಟಾದರೂ ಇಬ್ಬರೂ ಒಟ್ಟಿಗೆ ಬೈಸಿಕೊಂಡರು, ಒಟ್ಟಿಗೆ ಪೈಪು ಜೋಡಿಸಿ ಬಂದರು. ಅವತ್ತು ಜಗಳವಾಗಲಿಲ್ಲ. ಜಗಳ ಆದದ್ದು ನಿಂಬೆಹಣ್ಣಿಗೆ.

ನೀನು ಅಲ್ಲೇ ಇದ್ದೆ. ಆದರೂ ಬರೆಯುತ್ತೇನೆ, ಏಕೆಂದರೆ ಈಗ ಊರೆಲ್ಲ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಪ್ರತಿ ವರ್ಷದಂತೆ ಆಯುಧಪೂಜೆಗೆ ನಿಂಬೆಹಣ್ಣು, ಬೂದುಗುಂಬಳ ನಾನೇ ತಂದಿದ್ದೆ. ಅಳಿಯನನ್ನು ಪೂಜೆಗೆಂದು ಗೇಟಿನವರೆಗೆ ತಂದು ನಿಲ್ಲಿಸಿದ್ದರು. ಇವರು ಒಳಗೆ ಲಿವರು ಹಿಡಿದು ಕೂತಿದ್ದರು, ಇಂಜಿನ್ ಓಡುತ್ತಿತ್ತು. ನಿಂಬೆಹಣ್ಣು ಚಕ್ರದ ಕೆಳಗೆ ಇಡಬೇಕು. ಈ ಗಾಡಿಯ ಚಕ್ರ ನೆಲವನ್ನೇ ಮುಟ್ಟುವುದಿಲ್ಲ, ಚೈನಿನ ಮೇಲೆ ಉರುಳುತ್ತದೆ. ಹಾಗಾದರೆ ಹಣ್ಣು ಚೈನಿನೊಳಗೆ, ಚಕ್ರದ ಬುಡಕ್ಕೇ ಇಡಬೇಕು ಎಂದು ನಿಮ್ಮವರು ತೀರ್ಮಾನಿಸಿದರು. ಕದಿರೇಶ ಮೊಣಕೈವರೆಗೆ ಒಳಗೆ ಕೈ ತೂರಿಸಿ ಒಂದೊಂದೇ ಇಡತೊಡಗಿದ. ಇವರು ಮೇಲಿನಿಂದ ಬಗ್ಗಿ ಅದನ್ನು ನೋಡಿದರು. ಅಷ್ಟೇ. ಇಂಜಿನ್ ಆಫ್ ಮಾಡಿ ಧುಮುಕಿದರು. ‘ಲೇ, ಕೈ ತೆಗಿಯೋ! ಲಿವರ್ ಒಂಚೂರು ಅಲುಗಿದ್ರೆ ಕೈ ಚಟ್ನಿ ಆಗೋದು! ಚೈನ್ ಕೆಳಗಿಡಿ, ನೆಲಕ್ಕೆ ತಾಗೋದು ಅದೇ ತಾನೆ!’ ಎಂದು ಕಿರುಚಿದರು. ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು.

ಮಂಗಳಾರತಿಯ ಹೊತ್ತಿಗೆ ಇಂಜಿನ್ ನಿಲ್ಲಿಸಿದ್ದು ಅಪಶಕುನ ಎಂದು ನಿಮ್ಮವರಿಗೆ ಸಿಟ್ಟು ಬಂತು. ಬರಲಿ, ಅದು ನನಗೆ ಅರ್ಥವಾಗುತ್ತದೆ. ಬಂದ ನೆಂಟರೆಲ್ಲ ನೋಡುತ್ತಿದ್ದರು. ಆದರೆ ಆಡಿದ ಮಾತು ಏನು? ‘ಇದು ನಮ್ಮ ಪೂಜೆ ಗೌಸಣ್ಣ. ನಿಮ್ಮೋರ್ಗೆ ಇದೆಲ್ಲ ಗೊತ್ತಾಗಲ್ಲ. ಸುಮ್ನೆ ದೂರ ನಿಂತ್ಕೊಳ್ಳಿ.’

ಗಂಗಾ, ಆ ವರ್ಕ್‌ಶಾಪಿನಲ್ಲಿ ಪ್ರತಿ ವರ್ಷ ಬೂದುಗುಂಬಳ ಒಡೆಯುವವರು ಯಾರು? ಇವರು ಒಡೆದರೆ ಒಂದೇ ಏಟಿಗೆ ಒಡೆಯುತ್ತದೆ, ಒಳ್ಳೆಯದಾಗುತ್ತದೆ ಎಂದು ಹಟ ಹಿಡಿದು ಆ ಕೆಲಸ ಕೊಟ್ಟವರು ಯಾರು? ಅವರೇ. ಇವರು ಒಳಗೆ ಹೋಗಿ ಕೈ ತೊಳೆದುಕೊಂಡರು. ಆ ದಿನ ಕುಂಬಳಕಾಯಿಯನ್ನು ಕದಿರೇಶ ಒಡೆದ. ಮೂರು ಏಟು ಬೇಕಾಯಿತು.

ಅಂದಿನಿಂದ ನಾನು ಪಡುತ್ತಿರುವ ಪಾಡು ಕೇಳು. ಅಳಿಯ ಗೇಟಿಗೆ ಅಡ್ಡ ನಿಂತವನು ನಿಂತೇ ಇದ್ದಾನೆ. ರೈತರ ಟ್ರಾಕ್ಟರುಗಳು ಒಳಗೆ ಬರುವಂತಿಲ್ಲ, ರಿಪೇರಿಯೆಲ್ಲ ಶ್ರೀನಿವಾಸಪುರ ರಸ್ತೆಯ ಧೂಳಿನಲ್ಲಿ. ನಿಮ್ಮವರು ಬೇರೆ ಹೋಗಬೇಕೆಂದರೆ ಅವರ ಲೇತ್ ಮಿಷನ್ನು ಆಚೆ ಬರಬೇಕು, ಅದು ಬರಬೇಕೆಂದರೆ ಅಳಿಯ ಕದಲಬೇಕು. ಆ ಇಂಜಿನ್ ಬ್ಯಾಟರಿಗೆ ಜಗ್ಗುವುದಿಲ್ಲ. ಒಬ್ಬರು ಹೊರಗಿನಿಂದ ಸಿಲಿಂಡರಿನ ಗಾಳಿ ಬಿಡಬೇಕು, ಒಬ್ಬರು ಒಳಗೆ ಕೂತು ಸ್ಟಾರ್ಟ್ ಮಾಡಬೇಕು. ದೂರವಾಗುವುದಕ್ಕೂ ಇಬ್ಬರೂ ಸೇರಬೇಕು! ಸೇರುತ್ತಾರೆಯೇ? ಒಂದೇ ಶೆಡ್ಡಿನಲ್ಲಿ ಬೆನ್ನು ತಿರುಗಿಸಿಕೊಂಡು ಕದಿರೇಶನ ಮೂಲಕ ಮಾತಾಡುತ್ತಾರೆ. ‘ಆ ಯಪ್ಪನ್ನ ಹದಿನೇಳರ ಸ್ಪ್ಯಾನರ್ ಕೇಳೋ.’ ‘ಆ ಸಾಹೇಬ್ರಿಗೆ ಹೇಳೋ, ಅವರ ಕಾಲ ಕೆಳಗೇ ಬಿದ್ದಿದೆ.’ ನೀನಾದರೂ ಗಾಳಿ ಬಿಡಪ್ಪ ಎಂದರೆ ಕದಿರೇಶ, ‘ನಂಗೆ ಬರಲ್ಲಕ್ಕಾ’ ಎನ್ನುತ್ತಾನೆ. ಅವನಿಗೆ ಚೆನ್ನಾಗಿ ಬರುತ್ತದೆ. ಆ ಶೆಡ್ಡಿನಲ್ಲಿ ಬುದ್ಧಿ ಇರುವವನು ಅವನೊಬ್ಬನೇ.

ಮನೆಯಲ್ಲಿ ಇವರ ಜೊತೆ ಬೇರೆ ಗೋಳು. ಹೋಗಿ ಮಾತಾಡಿಸಿ ಎಂದರೆ ‘ತೂ ಚುಪ್ ಬೈಠ್’ ಎಂದು ನನ್ನ ಬಾಯಿ ಮುಚ್ಚಿಸುತ್ತಾರೆ. ಮಾತಾಡಿಸಬೇಡಿ ಬಿಡಿ ಎಂದರೆ ‘ಅವನಿಗೆ ಶುಗರ್ ಇದೆ, ಮಧ್ಯಾಹ್ನ ಏನ್ ತಿಂದ್ನೋ ಏನೋ’ ಎನ್ನುತ್ತಾರೆ. ನಮ್ಮ ಅಲ್ಫಿಯಾ ಅಂತೂ, ‘ಅಮ್ಮೀ, ಇವರಿಬ್ಬರನ್ನೂ ಆ ಗಾಡಿಯೊಳಗೆ ಕೂರಿಸಿ ಹೊರಗಿಂದ ಬೀಗ ಹಾಕು’ ಎಂದಳು. ನನಗೂ ಹಾಗೇ ಅನ್ನಿಸಿದೆ. ನನ್ನ ಕೈಲಿ ಇನ್ನು ಆಗುವುದಿಲ್ಲ ಗಂಗಾ. ಸಾಕಾಗಿಹೋಗಿದೆ.

ಭಾನುವಾರದೊಳಗೆ ನೀನು ಬಾ. ಮಾಲೂರಿನ ಮಾತು ಮುಗಿದುಹೋದರೆ ಮತ್ತೆ ಜೋಡಿಸುವುದು ಯಾರಿಂದಲೂ ಆಗುವುದಿಲ್ಲ. ನಿನ್ನ ಗಂಡ ಹೆದರುವುದು ನಿನಗೊಬ್ಬಳಿಗೇ. ನೀನು ಅವರನ್ನು ಹಿಡಿ, ನಾನು ಇವರನ್ನು ಹಿಡಿಯುತ್ತೇನೆ. ‘ತಪ್ಪಾಯಿತು’ ಎಂಬ ಒಂದು ಮಾತು ಅವರ ಬಾಯಿಂದ ಬಂದರೆ ಸಾಕು, ಇವರು ಕರಗಿ ನೀರಾಗುತ್ತಾರೆ. ನನಗೆ ಗೊತ್ತು.

ಮುನಿಯಲ್ಲಮ್ಮನವರಿಗೆ ನನ್ನ ನಮಸ್ಕಾರ ತಿಳಿಸು, ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚು. ಅಲ್ಲಾಹ್ ನಿನ್ನನ್ನೂ ನಿನ್ನ ಮನೆಯವರನ್ನೂ ತಣ್ಣಗಿಟ್ಟಿರಲಿ. ಸಿಟ್ಟಿನಲ್ಲಿ ಬರೆದರೂ ಈ ಮಾತು ಮನಸ್ಸಿನಿಂದ ಬಂದದ್ದು.

ಇಂತಿ ನಿನ್ನ,
ರಹಮತ್

ಮರೆತಿದ್ದೆ: ಮರೆತಿದ್ದೆ ಎಂದು ಬರೆದೆನಲ್ಲ, ಅದು ಸುಳ್ಳು. ಈ ಕಾಗದ ಶುರು ಮಾಡಿದ್ದೇ ಇದನ್ನು ಕೇಳಲು. ಗಂಡಸರ ಮಾತು ಗಂಡಸರ ಜೊತೆ ಹಾಳಾಗಿ ಹೋಗಲಿ. ಪ್ರತಿ ವರ್ಷ ಆರತಿ ಮುಗಿದ ಮೇಲೆ ನೀನೇ ನನ್ನ ತಲೆಯ ಮೇಲಿನ ಸೆರಗು ಸರಿಸಿ ಮಲ್ಲಿಗೆ ಮುಡಿಸುತ್ತೀಯ. ಬೇಡವೆಂದರೂ ಬಿಡುವವಳಲ್ಲ. ಈ ಸಲ ನೀನು ಎಲ್ಲರಿಗೂ ಮುಡಿಸಿಕೊಂಡು ಬಂದೆ. ನನ್ನ ಮುಂದೆ ನಿಂತವಳು ಹೂವನ್ನು ಕೈಗೆ ಕೊಟ್ಟು, ‘ಬೇಕಿದ್ರೆ ಮುಡ್ಕೊಳ್ಳಿ’ ಎಂದೆ. ಅದೂ ಬಹುವಚನದಲ್ಲಿ. ನನಗೆ ಹೂ ಬೇಕೋ ಬೇಡವೋ ಎಂದು ನೀನು ಎಂದಿನಿಂದ ಕೇಳತೊಡಗಿದೆ ಗಂಗಾ?