ಎದುರು ಮನೆಯ ತಟ್ಟೆ

ಅಕ್ಕಾ,

ನಿನ್ನ ಮೇಲೆ ಇಷ್ಟು ಸಿಟ್ಟು ಬಂದದ್ದು ಇದೇ ಮೊದಲು. ಜಗಳವಾಡೋಣವೆಂದರೆ ನೀನಿಲ್ಲ.

ಇವತ್ತು ನಿನ್ನ ಬಾಡಿಗೆ ಮನೆ ಖಾಲಿ ಮಾಡಲು ಬಂದಿದ್ದೆ. ಹೊಲಿಗೆ ಯಂತ್ರವನ್ನು ಕೆಳಗಿಳಿಸಿ ಮೇಲೆ ಬಂದಾಗ ಎದುರು ಮನೆಯಾಕೆ ಬಲವಂತ ಮಾಡಿ ಊಟಕ್ಕೆ ಕೂರಿಸಿದರು. ಮುಂದಿಟ್ಟ ತಟ್ಟೆಗೆ ನೀಲಿ ಹೂವಿನ ಅಂಚು, ಒಂದು ಕಡೆ ಚಕ್ಕೆ ಎದ್ದಿದೆ. ಲಾಕ್‌ಡೌನಿನಲ್ಲಿ ದಿನಾ ಮಧ್ಯಾಹ್ನ ನೀನು ವಿಡಿಯೋ ಕಾಲಿನಲ್ಲಿ ತೋರಿಸುತ್ತಿದ್ದ ತಟ್ಟೆ.

“ಇದು ನಮ್ಮಕ್ಕಂದಲ್ವಾ?” ಎಂದೆ.

“ಅಯ್ಯೋ, ನಮ್ದೇ ಕಣ್ರೀ. ನಮ್ಮನೆಯವರಿಗೆ ಬಡಿಸಿಟ್ಟಿದ್ದನ್ನ ನಿಮ್ಮಕ್ಕ ಇಸ್ಕೊಂಡು ಹೋಗೋರು. ‘ತಂಗಿಗೆ ತೋರಿಸಿ ತಂದ್ಬಿಡ್ತೀನಿ, ಇಲ್ದಿದ್ರೆ ಬೈತಾಳೆ’ ಅನ್ನೋರು. ‘ಏನು, ನನ್ನ ಊಟ ಶೂಟಿಂಗ್ ಮುಗಿಸ್ಕೊಂಡು ಬಂತಾ?’ ಅಂತ ಇವರು ನಗೋರು. ನೀವೂ ತಿನ್ನಿ ಅಂದ್ರೆ, ‘ನಂದಾಯ್ತು’ ಅಂತಿದ್ರು.”

ಏನಾಗಿತ್ತು ನಿನ್ನದು? ಟೀ, ಬನ್ನು? ಹೊಲಿಗೆ ಕೆಲಸ ನಿಂತಿದೆ, ಮನೆಯಲ್ಲಿ ಅಕ್ಕಿಯಿಲ್ಲ ಎಂದು ಬಾಯಿಬಿಟ್ಟು ಹೇಳಲು ನಾನೇನು ಹೊರಗಿನವಳೇ? ಅಥವಾ ಹೇಳುವ ಹಾಗೆ ನಾನಿರಲಿಲ್ಲವೇ? ಕೊನೆಗೆ ಜ್ವರ ಬಂದು ನಿನ್ನನ್ನು ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು, “ಮೈಯಲ್ಲಿ ರಕ್ತಾನೇ ಇಲ್ಲ. ಊಟ ಮಾಡ್ತಿರ್ಲಿಲ್ವಾ?” ಎಂದು ಕೇಳಿದರು. ನಾನು ಅವರ ಮೇಲೇ ರೇಗಿದ್ದೆ. ದಿನಾ ಕಣ್ಣಾರೆ ನೋಡಿದ್ದೇನೆ ಎಂದಿದ್ದೆ.

ಆ ತಟ್ಟೆಯಿಂದ ಒಂದು ತುತ್ತನ್ನಾದರೂ ಕದಿಯಬಾರದಿತ್ತೇ ನೀನು? ಯಾರಿಗೆ ಗೊತ್ತಾಗುತ್ತಿತ್ತು? ಅನ್ನ ಕೈಯಲ್ಲೇ ಇತ್ತು. “ಸರಿ, ತಿನ್ನು” ಎಂದು ದಿನಾ ಹೇಳುತ್ತಿದ್ದೆನಲ್ಲ, ಫೋನಿಡುವ ಮುಂಚೆ.