ರಸ್ತೆ ತಡೆದ ಅಕ್ಕನಿಗೆ, ಬೇಲಿಗೆ ಕೈ ಎತ್ತಿದ ತಂಗಿಯ ಕಾಗದ

ಸದಸ್ಯರ ವಸತಿಗೃಹ, ಮೂರನೇ ಮಹಡಿ
ಬುಧವಾರ, ಮಧ್ಯಾಹ್ನ ಮೂರು ಗಂಟೆ

ವಯಸ್ಸಿನಲ್ಲಿ ನಾಲ್ಕು ವರ್ಷ, ಮುನಿಸಿನಲ್ಲಿ ನಲವತ್ತು ವರ್ಷ ದೊಡ್ಡವಳಾದ ಅಕ್ಕನಿಗೆ,

ಇಡೀ ರಾಷ್ಟ್ರಕ್ಕೆ ತಿಳಿಯಬೇಕಾದ ಸಂಗತಿಯೊಂದನ್ನು ಮೊದಲು ನಿನಗೇ ತಿಳಿಸುತ್ತಿದ್ದೇನೆ. ಇಂದು ಬೆಳಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಸರಿಯಾಗಿ, ದೇಶದ ಸಾರ್ವಭೌಮತೆಯ ಹಿತದೃಷ್ಟಿಯಿಂದ, ನನ್ನ ಕನ್ನಡಕದ ಡಬ್ಬಿಯನ್ನು ವಶಪಡಿಸಿಕೊಳ್ಳಲಾಯಿತು. ಭದ್ರತಾ ಸಮಿತಿಯ ಕೋಣೆಯೊಳಗೆ ಫೋನು, ಪೆನ್ನು, ಕೈಚೀಲ ಒಯ್ಯುವಂತಿಲ್ಲ ಎಂಬುದು ಗೊತ್ತಿತ್ತು. ಮುಚ್ಚುವಾಗ ಟಪ್ ಎನ್ನುವ ಡಬ್ಬಿಯೂ ಆ ಪಟ್ಟಿಗೆ ಸೇರಿದ್ದು ಗೊತ್ತಿರಲಿಲ್ಲ. "ಸದ್ದು ಮಾಡೋ ವಸ್ತು ಒಳಗೆ ಬಿಡಲ್ಲ ಮೇಡಂ" ಎಂದ ಬಾಗಿಲ ಕಾವಲಿನವನು. "ಹಾಗಾದ್ರೆ ನನ್ನನ್ನ ಹೇಗಪ್ಪಾ ಬಿಡ್ತೀಯಾ?" ಎಂದೆ. ಅವನು ನಗಲಿಲ್ಲ. ನಗುವುದಕ್ಕೂ ಮೇಲಿನಿಂದ ಆದೇಶ ಬರಬೇಕೋ ಏನೋ.

ನೀನು ಐದು ವಾರದಿಂದ ನನ್ನ ಫೋನು ಎತ್ತುತ್ತಿಲ್ಲ, ಅದಕ್ಕೇ ಕಾಗದ, ಇವತ್ತಿನ ರಾತ್ರಿ ಬಸ್ಸಿನವನ ಕೈಲಿ. ಇದನ್ನು ಹರಿದುಹಾಕಬಹುದು. ಆದರೆ ನೀನು ಹರಿಯುವುದಕ್ಕೆ ಮುಂಚೆ ಓದುವ ಪೈಕಿ. ಓದಿದ ಮೇಲೆ ಹರಿಯುವುದನ್ನು ಮರೆಯುವ ಪೈಕಿ.

ಮೊದಲು ತಪ್ಪೊಪ್ಪಿಗೆ. ಪುರಭವನದ ಸಭೆಯಲ್ಲಿ ನೀನು ನರ್ಸಿನ ಸಮವಸ್ತ್ರದಲ್ಲೇ ಎದ್ದು ನಿಂತು ಕೇಳಿದೆಯಲ್ಲ, "ಗುಡ್ಡದ ಸುತ್ತ ಬೇಲಿ ಹಾಕ್ತಾರಂತೆ, ಆಸ್ಪತ್ರೆ ರಸ್ತೆ ಮುಚ್ತಾರಂತೆ, ಹೌದೋ ಅಲ್ಲವೋ ಹೇಳೇ" ಎಂದು, ಆಗ ನನಗೆ ಉತ್ತರ ಗೊತ್ತಿತ್ತು. ಹೌದು ಎಂಬುದೇ ಉತ್ತರ. ಬಾಯಿ ಬಿಡುವುದಿಲ್ಲ ಎಂದು ಸಮಿತಿಗೆ ಸೇರಿದ ದಿನ ಪ್ರಮಾಣ ಮಾಡಿದ್ದೆ. ಹಾಗಾಗಿ ಎಂಟುನೂರು ಜನರೆದುರು ಒಂದು ಲೋಟ ನೀರನ್ನು ಎರಡು ನಿಮಿಷ ಕುಡಿದೆ. ಮರುದಿನ ನಿನ್ನ ಬ್ಯಾನರು ಬಂತು: "ಬೇಲಿಯೇ ಎದ್ದು ರಸ್ತೆ ಮೇಯಿತು!" ಕೆಳಗೆ ನನ್ನ ಚಿತ್ರ, ತಲೆಗೆರಡು ಕೊಂಬು. ಕೊಂಬು ಪರವಾಗಿಲ್ಲ, ಆ ಹಳೇ ಫೋಟೋ ಯಾಕೆ ಹಾಕಿದೆ? ಅದರಲ್ಲಿ ನನಗೆ ಎರಡು ಗಲ್ಲ.

ಬೇಲಿಯ ವಿಷಯದಲ್ಲಿ ನಾನು ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಗುಡ್ಡದ ಮೇಲಿರುವುದಕ್ಕೆ ರಕ್ಷಣೆ ಬೇಕು. ಅದು ಏನು, ಯಾಕೆ ಎಂದು ನನ್ನ ಹೊಟ್ಟೆ ಬಗೆದರೂ ಹೇಳೆನು. ಅಲ್ಲಿ ಹಗಲು ರಾತ್ರಿ ಕೂತಿರುವ ಹುಡುಗರೂ ಯಾರೋ ಹೆತ್ತವರ ಮಕ್ಕಳೇ, ಯಾವುದೋ ಊರಿನ ನರ್ಸಮ್ಮನ ಕೈಗೆ ಬಿದ್ದವರೇ. ಆದರೆ ರಸ್ತೆಯ ವಿಷಯ ಬೇರೆ. ಕೆಳಪೇಟೆಯಿಂದ ಆಸ್ಪತ್ರೆಗೆ ಗುಡ್ಡದ ಬುಡದಲ್ಲಿ ಹೋದರೆ ಒಂಬತ್ತು ನಿಮಿಷ, ಹೆದ್ದಾರಿ ಸುತ್ತಿ ಹೋದರೆ ಐವತ್ತು. ಹೆರಿಗೆ ನೋವು ಹೆದ್ದಾರಿಯ ನಕ್ಷೆ ನೋಡಿಕೊಂಡು ಬರುವುದಿಲ್ಲ ಎಂಬುದನ್ನು ನಿನ್ನ ಬಾಯಿಂದ ಕೇಳಿಯೇ ನಾನು ಬೆಳೆದದ್ದು.

ಹಾಗಿದ್ದರೆ ಆ ರಸ್ತೆ ಮುಚ್ಚಬಹುದು ಎಂದು ಯಾರು ಬರೆದರು? ಸಮಿತಿಯ ಓದುವ ಕೋಣೆಯಲ್ಲಿ ವರದಿ ಕೈಗೆ ಬಂದಾಗ ಕುರ್ಚಿಯಿಂದ ಬೀಳುವುದೊಂದು ಬಾಕಿ. ಎಣಿಕೆಯ ತಂಡವೊಂದು ಮೂರು ದಿನ ಗುಡ್ಡದ ತಿರುವಿನಲ್ಲಿ ಕೂತು ಹೋಗಿಬರುವವರನ್ನು ಲೆಕ್ಕ ಹಾಕಿದೆ. (ಗುಟ್ಟು ಬಿಟ್ಟುಕೊಡುತ್ತಿದ್ದೇನೆ ಎಂದುಕೊಳ್ಳಬೇಡ. ಆ ಪುಟವನ್ನು ಅಧ್ಯಕ್ಷರು ಇವತ್ತು ಬಹಿರಂಗ ಮಾಡಿದ್ದಾರೆ.) ಮೊದಲ ದಿನ ಪಾದಚಾರಿಗಳು ಇಬ್ಬರು. ಎರಡನೇ ದಿನ ಇಬ್ಬರು. ಮೂರನೇ ದಿನ ಮೂವರು. ವಾಹನ ಸೊನ್ನೆ. ಮೂರೂ ದಿನ ಒಂದು ನಾಯಿ. ಷರಾ: "ಬಳಕೆಯಲ್ಲಿಲ್ಲದ ದಾರಿ."

ತಾರೀಕು ನೋಡಿದೆ. ಕಳೆದ ತಿಂಗಳ ಹದಿನಾಲ್ಕು, ಹದಿನೈದು, ಹದಿನಾರು.

ಏನಾದರೂ ನೆನಪಾಗುತ್ತಿದೆಯೇ, ಮಹಾತಾಯಿ?

ಆ ಮೂರು ದಿನ ರಸ್ತೆಯ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತವಳು ನೀನು! ರಸ್ತೆ ಉಳಿಸಲು ರಸ್ತೆ ತಡೆದೆ. ತಡೆದ ರಸ್ತೆಯಲ್ಲಿ ಯಾರೂ ಓಡಾಡಲಿಲ್ಲ. ತಿರುವಿನ ಆಚೆ ಕೂತ ಎಣಿಕೆಯವರಿಗೆ ನಿನ್ನ ಕುರ್ಚಿ ಕಾಣಲಿಲ್ಲ. ಯಾರೂ ಓಡಾಡದ ರಸ್ತೆ ಯಾಕೆ ಬೇಕೆಂದು ಅವರು ಬರೆದುಕೊಂಡು ಹೋದರು. ನೀನು ದಯೆ ತೋರಿಸಿ ಬಿಟ್ಟದ್ದು ಉಬ್ಬಸದ ನಿವೃತ್ತ ಮೇಷ್ಟ್ರನ್ನು ಮತ್ತು ಅವರ ಹೆಂಡತಿಯನ್ನು ಮಾತ್ರ. ನಾಯಿ ಬೇಕರಿಯವನದ್ದು, ಅದು ಯಾವ ಹೋರಾಟಕ್ಕೂ ಬೆಲೆ ಕೊಡುವುದಿಲ್ಲ. ಆಂಬುಲೆನ್ಸನ್ನು ನೀನು ಖಂಡಿತ ಬಿಡುತ್ತಿದ್ದೆ, ಆದರೆ ಆ ಮೂರು ದಿನ ಕೆಳಪೇಟೆಯಲ್ಲಿ ಒಂದು ಮಗುವೂ ಹುಟ್ಟಲಿಲ್ಲ. ಹೊಟ್ಟೆಯೊಳಗಿರುವವೂ ನಿನಗೆ ಹೆದರುತ್ತವೆ.

ಇವತ್ತು ಸಮಿತಿಯಲ್ಲಿ ಮತ ಹಾಕುವ ದಿನ. ಒಳಗೆ ಹೋಗುವ ಮುಂಚೆ ನಮ್ಮ ಪಕ್ಷದ ಸಚೇತಕರು ಮೊಗಸಾಲೆಯಲ್ಲಿ ನನ್ನನ್ನು ಕಂಬಕ್ಕೆ ಒತ್ತುವಂತೆ ಎದುರು ಬಂದು ನಿಂತರು. "ಸುಮ್ನೆ ಕೈ ಎತ್ತಿ ಬನ್ನಿ ತಾಯಿ. ದೇಶ ದೊಡ್ಡದೋ, ನಿಮ್ಮ ಕೆಳಪೇಟೆ ದೊಡ್ಡದೋ?" ಎಂದರು. ನಾನು, "ಕೆಳಪೇಟೆ ಕಳೆದು ಉಳಿದದ್ದಷ್ಟೇ ದೇಶ ಅನ್ನೋ ನಕ್ಷೆ ಇದ್ರೆ ತೋರಿಸಿ ಸ್ವಾಮಿ, ಈಗಲೇ ಎರಡೂ ಕೈ ಎತ್ತುತ್ತೀನಿ" ಎಂದೆ. "ಮುಂದಿನ ಸಲ ಟಿಕೆಟ್ಟು ಬೇಕಲ್ವಾ?" ಎಂದರು. "ಬಸ್ಸಲ್ಲಿ ಕಂಡಕ್ಟರೇ ಕೊಡ್ತಾನೆ" ಎಂದು ಒಳಗೆ ನಡೆದೆ.

ಒಳಗೆ ನನ್ನ ಸರದಿ ಬಂದಾಗ ಎದ್ದು ಹೇಳಿದೆ: ಈ ರಸ್ತೆ ಸತ್ತಿಲ್ಲ, ಆ ಮೂರು ದಿನ ನನ್ನ ಸ್ವಂತ ಅಕ್ಕ ಅದರ ಮೇಲೆ ಕೂತಿದ್ದಳು. ಅಧ್ಯಕ್ಷರು ಕನ್ನಡಕ ಇಳಿಸಿ, "ಮೂರು ದಿನಾನೂ?" ಎಂದು ಕೇಳಿದರು. "ಊಟಕ್ಕೂ ಎದ್ದಿಲ್ಲ, ಅವಳನ್ನ ನೀವು ನೋಡಿಲ್ಲ" ಎಂದೆ. ನಿನ್ನ ಮೇಲಿನ ಪೊಲೀಸ್ ಕೇಸಿನ ಪ್ರತಿ ಇಟ್ಟೆ. ಒಂದನೇ ಆರೋಪಿ: ಸರ್ಕಾರಿ ಆಸ್ಪತ್ರೆಯ ಹೆರಿಗೆ ವಿಭಾಗದ ನರ್ಸು. ಅಪರಾಧ: ಸಾರ್ವಜನಿಕ ರಸ್ತೆ ತಡೆ. ತಾರೀಕು ಹದಿನಾಲ್ಕರಿಂದ ಹದಿನಾರು.

ಈ ಕೇಸನ್ನು ತೆಗೆಸಿಹಾಕು ಎಂದು ಬೇಕರಿಯವನ ಕೈಲಿ ನೀನು ಹೇಳಿ ಕಳಿಸಿದ್ದೆ. ನಾನು ಆಗಲ್ಲ ಎಂದಿದ್ದೆ. "ಒಂದು ಕೇಸು ತೆಗೆಸೋಕಾಗದವಳು ದೇಶ ಕಾಯ್ತಾಳಂತೆ" ಎಂದು ನೀನು ಪೇಟೆಯೆಲ್ಲ ಹೇಳಿಕೊಂಡು ಬಂದೆ. ಮುಂದಾಲೋಚನೆಯಿಂದ ಉಳಿಸಿದೆ ಎಂದು ಈಗ ಕೊಚ್ಚಿಕೊಳ್ಳಬಹುದಿತ್ತು. ಅದು ಸುಳ್ಳು. ತಂಗಿ ಅಧಿಕಾರದಲ್ಲಿದ್ದಾಳೆ ಎಂದು ಅಕ್ಕನ ಕೇಸು ಮಾಯವಾಗಬಾರದು ಎಂಬ ಹಟಕ್ಕೆ ಬಿಟ್ಟೆ, ಅಷ್ಟೇ. ಇನ್ನೊಮ್ಮೆ ಕೇಳಿದರೂ ಆಗಲ್ಲ ಎಂದೇ ಅನ್ನುತ್ತೇನೆ.

ಆಗ ಬೇಲಿ ಹಾಕುವ ಇಲಾಖೆಯ ಹಿರಿಯ ಅಧಿಕಾರಿ, ಇಸ್ತ್ರಿ ಮಾಡಿಸಿದ ಹಾಗೆ ಮಾತಾಡುವ ಮನುಷ್ಯ, ಎದ್ದು ಹೇಳಿದರು: "ಇದು ಬರೀ ಆರೋಪ. ಪೊಲೀಸರು ಏನು ಬೇಕಾದ್ರೂ ಬರ್ಕೋತಾರೆ. ತಡೆ ನಿಜವಾಗ್ಲೂ ಆಯ್ತು ಅಂತ ನ್ಯಾಯಾಲಯ ಹೇಳಿದ್ಯಾ?" ಮತ್ತೆ ಎಣಿಸಿ ಎಂದೆ. ತಂಡ ದೂರದ ಗಡಿಯಲ್ಲಿದೆಯಂತೆ, ಬರುವುದಕ್ಕೆ ಏಳು ತಿಂಗಳು. ಬೇಲಿಯ ಕಂಬಗಳು ಬರುವುದು ಮುಂದಿನ ತಿಂಗಳು. ಒಂದೂವರೆ ಗಂಟೆ ಜಗಳವಾಡಿದೆ ಅಕ್ಕಾ. ಕೂತುಕೊಳ್ಳಿ ಎಂದು ನಾಲ್ಕು ಸಲ ಹೇಳಿಸಿಕೊಂಡೆ, ನಾಲ್ಕು ಸಲವೂ ನಿಂತೇ ಇದ್ದೆ. ಕೊನೆಗೆ ಅಧ್ಯಕ್ಷರು, "ಇಬ್ಬರು ಮನುಷ್ಯರು ಒಂದು ನಾಯಿ, ಇದರಲ್ಲಿ ಗುಟ್ಟೇನಿದೆ?" ಎಂದು ಆ ಪುಟವನ್ನು ಬಹಿರಂಗ ಮಾಡಿ, ತೀರ್ಮಾನ ಬರೆಸಿದರು. ಬೇಲಿ ಆಗಲಿ. ಆ ಮೂರು ದಿನ ರಸ್ತೆ ತಡೆ ನಡೆದಿತ್ತು ಎಂದು ಇದೇ ಮೂವತ್ತರೊಳಗೆ ನ್ಯಾಯಾಲಯದ ತೀರ್ಪು ಬಂದರೆ ಎಣಿಕೆ ರದ್ದು. ರಸ್ತೆಗೆ ಗೇಟು, ಆಂಬುಲೆನ್ಸಿಗೂ ನಡೆದು ಹೋಗುವವರಿಗೂ ದಿನದ ಇಪ್ಪತ್ತನಾಲ್ಕು ಗಂಟೆ ತೆರೆದಿರಬೇಕು. ತೀರ್ಪು ಬಾರದಿದ್ದರೆ ದಾರಿ ಬಂದ್.

ನಾನು ಬೇಲಿಗೂ ಕೈ ಎತ್ತಿದೆ, ಗೇಟಿಗೂ ಕೈ ಎತ್ತಿದೆ. ಹೊರಗೆ ಬಂದಾಗ ಸಚೇತಕರು ಮುಖ ಎತ್ತಲಿಲ್ಲ. ಊಟದ ಹೊತ್ತಿಗೆ ಚೀಟಿ ಬಂತು: ನಾಳೆಯಿಂದ ನಾನು ಭದ್ರತಾ ಸಮಿತಿಯಲ್ಲಿಲ್ಲ, ಗ್ರಂಥಾಲಯ ಸಮಿತಿಗೆ ವರ್ಗ. ಒಳ್ಳೆಯದೇ ಆಯಿತು. ಅಲ್ಲಿಯೂ ಸದ್ದು ಮಾಡಬಾರದಂತೆ. ನೋಡೋಣ.

ಈಗ ವಿಷಯಕ್ಕೆ ಬರುತ್ತೇನೆ. ಶುಕ್ರವಾರ ನಿನ್ನ ಕೇಸು ಇದೆ. ನಿನ್ನ ವಕೀಲರು ಹುಲಿಯಂಥವರು, ಅಲ್ಲಿ ತಡೆಯೇ ನಡೆದಿಲ್ಲ, ನರ್ಸಮ್ಮ ಸುಸ್ತಾಗಿ ಕೂತಿದ್ದರು ಎಂದು ವಾದಿಸಿ ನಿನ್ನನ್ನು ಬಿಡಿಸುತ್ತಾರೆ ಎಂದು ಪೇಟೆಯೆಲ್ಲ ಸುದ್ದಿ. ನೀನು ಗೆದ್ದರೆ ರಸ್ತೆ ಸೋಲುತ್ತದೆ. ಹುಲಿಯನ್ನು ಕೂರಿಸು. ನೀನು ಎದ್ದು, ಪುರಭವನದಲ್ಲಿ ನನ್ನನ್ನು ಕೇಳಿದ ಅದೇ ಗಂಟಲಿನಲ್ಲಿ, ಹೌದು, ಮೂರು ದಿನ ತಡೆದೆ, ಒಂದು ಸೈಕಲ್ಲನ್ನೂ ಬಿಟ್ಟಿಲ್ಲ ಎಂದು ಹೇಳು. ನಿಜವನ್ನೇ ಹೇಳು ಎನ್ನುತ್ತಿದ್ದೇನೆ, ಅದೂ ರಾಜಕಾರಣಿಯಾಗಿ, ಮೂರ್ಛೆ ಹೋಗಬೇಡ. ದಂಡ ಬಿದ್ದರೆ ನೀನೇ ಕಟ್ಟಬೇಕು, ನಾನು ಕೊಡುವುದಿಲ್ಲ.

ಇದನ್ನು ನಿನ್ನ ಮುನಿಸು ಇಳಿಸಲು ಬರೆದದ್ದಲ್ಲ. ಮುನಿಸು ಬೇಕಾದರೆ ಇಟ್ಟುಕೋ. ಗೇಟಿಗೆ ಬೇಲಿಯೂ ಬೇಕು, ಬೇಲಿಗೆ ಗೇಟೂ ಬೇಕು ಎಂದು ನಾನು ಎರಡೂ ಕಡೆ ಬೈಸಿಕೊಂಡೇ ಹೇಳುತ್ತೇನೆ, ಮುಂದಿನ ಚುನಾವಣೆಯಲ್ಲಿ ಒಂಟಿಯಾಗಿ ನಿಂತಾದರೂ.

ಬ್ಯಾನರು ಇಳಿಸೆಂದು ಕೇಳದ,
ನಿನ್ನ ತಂಗಿ

ತಾ.ಕ.: ಮೂರನೇ ದಿನದ ಎಣಿಕೆಯಲ್ಲಿ ಮೂರನೆಯವರು ಯಾರು ಎಂದು ಸಮಿತಿ ಕೇಳಿತು. ಗೊತ್ತಿಲ್ಲ ಎಂದೆ. ಇಡೀ ದಿನದಲ್ಲಿ ಹೇಳಿದ ಸುಳ್ಳು ಅದೊಂದೇ. ಅದು ನಾನು. ತಲೆ ಮೇಲೆ ಸೆರಗು ಹೊದ್ದು ಆಸ್ಪತ್ರೆಯ ಕಡೆಯಿಂದ ನಡೆದು ಬಂದಿದ್ದೆ. ಗುಡ್ಡದ ಮೇಲೆ ಏನಿದೆ, ಬೇಲಿ ಯಾಕೆ ಬೇಕು, ಎಲ್ಲವನ್ನೂ ನಿನ್ನ ಕಿವಿಯಲ್ಲಿ ಹೇಳಿಬಿಡುತ್ತೇನೆ, ಪ್ರಮಾಣ ಹಾಳಾಗಿ ಹೋಗಲಿ, ಅಕ್ಕ ಒಬ್ಬಳು ಉಳಿದರೆ ಸಾಕು ಎಂದುಕೊಂಡೇ ಹೊರಟಿದ್ದೆ. ನೀನು ಇನ್ಸ್‌ಪೆಕ್ಟರಿಗೆ ಬೈಯುತ್ತಾ, ಮಧ್ಯೆ ನಿಲ್ಲಿಸಿ, ಅವನ ಹೆಂಡತಿಗೆ ಎಷ್ಟನೇ ತಿಂಗಳು ಎಂದು ಕೇಳುತ್ತಿದ್ದೆ. ಮೂವತ್ತು ಹೆಜ್ಜೆ ದೂರದಲ್ಲಿ ನಿಂತೆ, ವಾಪಸ್ ಹೋದೆ. ನಿನ್ನ ಕೆಲಸ ನೀನು ಅಷ್ಟು ಚೆನ್ನಾಗಿ ಮಾಡುತ್ತಿದ್ದೆ, ನನ್ನದನ್ನು ಕೆಡಿಸಲು ಮನಸ್ಸಾಗಲಿಲ್ಲ.

ತೀರ್ಪು ಬಂದ ಕೂಡಲೇ ದೃಢೀಕರಿಸಿದ ನಕಲು ಎರಡು ತಗೋ, ಒಂದನ್ನು ಇಲ್ಲಿಗೆ ರಿಜಿಸ್ಟರ್ ಅಂಚೆಯಲ್ಲಿ ಹಾಕು. ತಾರೀಕುಗಳ ಮೇಲೆ ಮೊಹರು ಬಿದ್ದು ಅಳಿಸಿಹೋಗದಂತೆ ಗುಮಾಸ್ತನ ಪಕ್ಕ ನಿಂತು ಹಾಕಿಸು.